ನಿಮಗಿದು ಗೊತ್ತೆ? ಈ ಆಟದಲ್ಲಿ ಯಾರೂ ಸಾಯುವುದಿಲ್ಲ!

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟಗಳಿಗೆ 1974ರ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ದಾರಿ ಹಾಕಿತು. ಅಲ್ಲಿ ಪಾತ್ರ ಸತ್ತರೆ ಆಟಗಾರನಿಗೆ ನಿಜಕ್ಕೂ ಸಂಕಟ. ಆದರೆ ಬಾಣಲೆಯಲ್ಲಿ ಹೊಡೆಸಿಕೊಂಡು, ಬಾಂಬು ಸಿಡಿದು ಮಸಿಯಾಗಿ, ಮರುಕ್ಷಣವೇ ಎದ್ದು ಓಡುವ ಕಾರ್ಟೂನ್ ಲೋಕಕ್ಕೆ ಈ ನಿಯಮ ಹೊಂದೀತೆ?

ಅಮೆರಿಕದ ಗ್ರೆಗ್ ಕಾಸ್ಟಿಕ್ಯಾನ್ 1984ರಲ್ಲಿ ರೂಪಿಸಿದ 'ಟೂನ್' ಇದಕ್ಕೆ ಸೊಗಸಾದ ಉತ್ತರ. ಪ್ರಕಟಿಸಿದ್ದು ಸ್ಟೀವ್ ಜಾಕ್ಸನ್ ಗೇಮ್ಸ್. ಇಲ್ಲಿ ಪೆಟ್ಟು ತಿಂದು ಅಂಕವೆಲ್ಲ ಮುಗಿದರೆ ಪಾತ್ರ ಸಾಯುವುದಿಲ್ಲ, 'ಬಿದ್ದುಬಿಡುತ್ತದೆ', ಅಷ್ಟೆ. ಆಟಗಾರ 3 ನಿಮಿಷ ಸುಮ್ಮನೆ ಕೂತು, ಮತ್ತೆ ಪೂರ್ಣ ಬಲದೊಂದಿಗೆ ಮರಳುತ್ತಾನೆ.

ಇನ್ನೂ ಚೆಂದದ್ದು ಗುರುತ್ವಾಕರ್ಷಣೆಯ ನಿಯಮ. ಬಂಡೆಯಂಚು ದಾಟಿ ಗಾಳಿಯಲ್ಲಿ ಕಾಲಿಟ್ಟವನು ಬುದ್ಧಿಯ ಪರೀಕ್ಷೆಗೆ ದಾಳ ಹಾಕಬೇಕು. ಸೋತರೆ ಕೆಳಗೆ ನೆಲವಿಲ್ಲವೆಂಬುದೇ ಅವನಿಗೆ ತಿಳಿಯದು, ನಡೆಯುತ್ತಲೇ ಇರಬಹುದು. ಗೆದ್ದರೆ ಧೊಪ್ಪನೆ ಬೀಳುತ್ತಾನೆ! ಪರದೆಯ ಮೇಲಿನ ಒಂದು ಹಾಸ್ಯವನ್ನು ದಾಳದ ಲೆಕ್ಕಕ್ಕೆ ಇಳಿಸಿದ ಈ ಜಾಣ್ಮೆ ದೊಡ್ಡದು.

ಈ ಆಟವನ್ನು ತಿದ್ದಿ ಬೆಳೆಸಿದ ವಾರೆನ್ ಸ್ಪೆಕ್ಟರ್, ಮುಂದೆ 2010ರಲ್ಲಿ ಮಿಕ್ಕಿ ಮೌಸ್‌ನ 'ಎಪಿಕ್ ಮಿಕ್ಕಿ' ವಿಡಿಯೋ ಗೇಮ್ ತಂದರು.