ಟ್ರ್ಯಾಕ್ಟರು ಪಲ್ಟಿಯಾಗುವುದೇಕೆ?

ದೀಪಾವಳಿ ಮುಗಿಸಿಕೊಂಡು ಊರಿನಿಂದ ಪುಣೆಗೆ ಮರಳಿದವರು ನಮ್ಮ ವಾಚನಾಲಯಕ್ಕೆ ಬಂದಾಗ ಮೊದಲ ಎರಡು ದಿನ ಪತ್ರಿಕೆಗಳನ್ನು ಓದುವುದಿಲ್ಲ. ಊರಿನ ಸುದ್ದಿಯನ್ನೇ ಹೇಳುತ್ತಾರೆ. ಈ ಸಲ ಇಂಡಿ ತಾಲೂಕಿನ ಗೆಳೆಯರೊಬ್ಬರು ಬಲಗೈಗೆ ಪ್ಲಾಸ್ಟರು ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕುಳಿತರು. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವ ಮನುಷ್ಯ. ಕೈಯೇ ಅವರ ಬಂಡವಾಳ. ಏನಾಯಿತೆಂದು ಕೇಳಿದೆವು.

“ಏನ್ ಹೇಳೂದ್ರಿ ಮಾಸ್ತರ, ತಮ್ಮನ ಟ್ರ್ಯಾಕ್ಟರ್ ಎರಿ ಹೊಲದಾಗ ಹುಗದಿತ್ತು. ಗಾಲಿ ಮುಂದ ಒಂದು ದಿಮ್ಮಿ ಇಟ್ಟು, ಜೋರು ಮಾಡಿ ಕ್ಲಚ್ ಬಿಟ್ನಿ. ಕುದರಿ ಮುಂಗಾಲು ಎತ್ತಿ ನಿಂತಂಗ ನಿಂತಿತರೀ! ಕಾಲು ಇನ್ನೂ ಕ್ಲಚ್ ಮ್ಯಾಲೇ ಇತ್ತು, ಒತ್ತಿಬಿಟ್ನಿ. ಧಡ್ ಅಂತ ಕೆಳಗ ಬಿತ್ತು, ನಾನೂ ಬಿದ್ನಿ. ಆ ಹೊಲದಾಗ ಏನೋ ಐತಿ ಅಂತಾಳ್ರಿ ನಮ್ಮವ್ವ.”

ಆ ಹೊಲದಲ್ಲಿ ಏನೂ ಇಲ್ಲ. ಇದ್ದುದು ಯಂತ್ರಶಾಸ್ತ್ರದ ಒಂದು ಸಾದಾ ನಿಯಮ. ಆದರೆ ಟ್ರ್ಯಾಕ್ಟರು ಮಾರುವವರು ಕಂತಿನ ಲೆಕ್ಕವನ್ನು ತಿಳಿಸಿದಷ್ಟು ಅಕ್ಕರೆಯಿಂದ ಈ ನಿಯಮವನ್ನು ತಿಳಿಸಿಕೊಡುವುದಿಲ್ಲ. ನಮ್ಮಲ್ಲಿ ಅನೇಕರು ಇಲ್ಲಿ ದುಡಿದು ಕಳಿಸಿದ ಹಣದಿಂದಲೇ ಊರಿನಲ್ಲಿ ಅಣ್ಣತಮ್ಮಂದಿರು ಟ್ರ್ಯಾಕ್ಟರು ಕೊಂಡಿದ್ದಾರೆ. ಆದಕಾರಣ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಟ್ರ್ಯಾಕ್ಟರಿನ ಇಂಜಿನ್ನು ಹಿಂದಿನ ದೊಡ್ಡ ಗಾಲಿಗಳನ್ನು ಮುಂದಕ್ಕೆ ತಿರುಗಿಸುತ್ತದೆ. ಒಂದು ವಸ್ತು ಇನ್ನೊಂದನ್ನು ಒಂದು ಕಡೆಗೆ ತಿರುಗಿಸಹೋದರೆ, ಅದರ ಎದುರು ದಿಕ್ಕಿನ ತಿರುಚು ತನ್ನ ಮೇಲೂ ಬೀಳುತ್ತದೆ. ಗಾಲಿ ಸಲೀಸಾಗಿ ಉರುಳುತ್ತಿರುವಾಗ ಇದು ತೋರುವುದಿಲ್ಲ. ಗಾಲಿ ಕೆಸರಿನಲ್ಲಿ ಕಚ್ಚಿಕೊಂಡು, ಮುಂದೆ ದಿಮ್ಮಿಯನ್ನೂ ಕೊಟ್ಟಮೇಲೆ ಅದು ತಿರುಗುವಂತಿಲ್ಲ. ಇಂಜಿನ್ನಿನ ಬಲವಂತೂ ಎಲ್ಲಿಯಾದರೂ ಹೋಗಲೇಬೇಕು. ಗಾಲಿ ತಿರುಗದಿದ್ದರೆ ಟ್ರ್ಯಾಕ್ಟರಿನ ಮೈಯೇ ಹಿಂದಿನ ಅಚ್ಚಿನ ಸುತ್ತ ತಿರುಗುತ್ತದೆ. ಅಂದರೆ ಮೂತಿ ಮೇಲಕ್ಕೇಳುತ್ತದೆ. ಚಕ್ಕಡಿಯ ಹಿಂಭಾಗಕ್ಕೆ ಭಾರ ಹೆಚ್ಚಾದಾಗ ನೊಗ ಮೇಲಕ್ಕೆದ್ದು ಎತ್ತುಗಳ ಕೊರಳು ಬಿಗಿಯುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಅಲ್ಲಿ ಎತ್ತುಗಳು ಒದ್ದಾಡಿ ಸೂಚನೆ ಕೊಡುತ್ತವೆ. ಇಲ್ಲಿ ಸೂಚನೆ ಕೊಡುವವರಿಲ್ಲ.

ಎಷ್ಟು ಸಮಯ ಸಿಗುತ್ತದೆಂದರೆ, ಮೂತಿ ಎದ್ದ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಮರಳಿ ಬಾರದ ಹಂತವನ್ನು ದಾಟುತ್ತದೆ. ಒಂದೂವರೆ ಸೆಕೆಂಡಿನಲ್ಲಿ ಪೂರ್ತಿ ಬೋರಲಾಗಿ ಚಾಲಕನ ಮೇಲೆ ಬೀಳುತ್ತದೆ. ಮನುಷ್ಯನಿಗೆ ಗಂಡಾಂತರವನ್ನು ಕಂಡು, ತಿಳಿದು, ಕಾಲನ್ನು ಆಡಿಸಲು ಒಂದು ಸೆಕೆಂಡಾದರೂ ಬೇಕು. ನಮ್ಮ ಗೆಳೆಯರು ಕ್ಲಚ್ಚನ್ನು ಆಗ ತಾನೇ ಬಿಡುತ್ತಿದ್ದುದರಿಂದ ಕಾಲು ಇನ್ನೂ ಅಲ್ಲಿಯೇ ಇತ್ತು. ಅದನ್ನು ಒತ್ತಿದೊಡನೆ ಇಂಜಿನ್ನಿನ ಬಲ ಕಡಿಯಿತು, ಮೂತಿ ಕೆಳಗೆ ಬಂತು. ಕಾಲು ತೆಗೆದು ಕೆಳಗಿಟ್ಟಿದ್ದರೆ ಅವರು ಬೆಂಚಿನ ಮೇಲೆ ಕುಳಿತು ಈ ಕಥೆ ಹೇಳುತ್ತಿರಲಿಲ್ಲ.

ಹಾಗಾದರೆ ಹುಗಿದ ಟ್ರ್ಯಾಕ್ಟರನ್ನು ತೆಗೆಯುವುದು ಹೇಗೆ? ಹಿಂದಕ್ಕೆ, ರಿವರ್ಸ್ ಗೇರಿನಲ್ಲಿ. ಆಗ ತಿರುಚು ಮೂತಿಯನ್ನು ನೆಲಕ್ಕೆ ಒತ್ತುತ್ತದೆ. ಅದಾಗದಿದ್ದರೆ ಗಾಲಿಯ ಹಿಂದುಮುಂದಿನ ಮಣ್ಣು ತೋಡಿ, ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು. ಎಳೆಯುವ ಸರಪಣಿಯನ್ನು ಹಿಂದೆ ತಳದಲ್ಲಿರುವ ಎಳೆಪಟ್ಟಿಗೆ ಮಾತ್ರ ಕಟ್ಟತಕ್ಕದ್ದು. ಅಚ್ಚಿಗಿಂತ ಮೇಲೆ ಎಲ್ಲಿ ಕಟ್ಟಿದರೂ ಭಾರವು ಟ್ರ್ಯಾಕ್ಟರನ್ನು ಹಿಂದಕ್ಕೆ ಕೆಡವಲು ನೋಡುತ್ತದೆ. ಗಾಲಿಯ ಮುಂದೆ ದಿಮ್ಮಿ ಇಡುವ ಜಾಣತನವನ್ನಂತೂ ಬಿಟ್ಟುಬಿಡಬೇಕು.

ಹೊಲದಲ್ಲಿ ಹೀಗಾದರೆ ರಸ್ತೆಯಲ್ಲಿ ಟ್ರ್ಯಾಕ್ಟರು ಪಕ್ಕಕ್ಕೆ ಉರುಳುತ್ತದೆ. ಇದಕ್ಕೆ ಕಾರಣವಾಗುವ ಒಂದು ಸಣ್ಣ ಕೊಂಡಿಯ ವಿಷಯ ಬಹಳ ಜನಕ್ಕೆ ತಿಳಿಯದು. ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಎಂದು ಎರಡು ಬ್ರೇಕು ಪೆಡಲುಗಳಿರುತ್ತವೆ. ಉಳುವಾಗ ಸಾಲಿನ ತುದಿಗೆ ಬಂದು, ಒಂದನ್ನೇ ಒತ್ತಿ ಗಿರಕ್ಕನೆ ತಿರುಗಿಸಲು ಈ ಅನುಕೂಲ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿಯಿಂದ ಜೋಡಿಸಬೇಕು. ಜೋಡಿಸದೆ ಓಡಿಸುವಾಗ ಗಾಬರಿಯಲ್ಲಿ ಒಂದೇ ಪೆಡಲಿನ ಮೇಲೆ ಕಾಲು ಬಿದ್ದರೆ ಒಂದು ಗಾಲಿ ನಿಂತು, ಇನ್ನೊಂದು ಓಡುತ್ತಲೇ ಇದ್ದು, ಟ್ರ್ಯಾಕ್ಟರು ತಟ್ಟನೆ ಹೊರಳಿ ಮಗುಚುತ್ತದೆ. ಅದರಲ್ಲಿ ದೈವದ ಆಟವೇನೂ ಇಲ್ಲ.

ಇಳಿಜಾರಿನ ಮಾತೇ ಬೇರೆ. ಹಿಂದಿನ ಟ್ರಾಲಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ, ಕಬ್ಬು ತುಂಬಿದ ಭಾರವೆಲ್ಲ ಟ್ರ್ಯಾಕ್ಟರನ್ನು ಬೆನ್ನಿನಿಂದ ನೂಕುತ್ತದೆ. ಎರಡು ಟ್ರಾಲಿ ಕಟ್ಟಿದರೆ ನೂಕುವವರು ಇಬ್ಬರು. ಡೀಸೆಲ್ ಉಳಿಯುತ್ತದೆಂದು ಗೇರು ತೆಗೆದು ಬಿಡುವ ಕೆಟ್ಟ ಚಾಳಿ ಬೇರೆ ಇದೆ. ಏರು ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಹಳೆಯ ಘಾಟಿನ ಚಾಲಕರ ನಿಯಮ. ಆಗ ಇಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ. ಬರಿಯ ಬ್ರೇಕಿನ ಮೇಲೆಯೇ ಇಳಿಸಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಇದಕ್ಕೆ ಹಳ್ಳಿಗೇ ಹೋಗಬೇಕಾಗಿಲ್ಲ, ಪುಣೆಯವರು ಕಾತ್ರಜದ ಹೊಸ ಸುರಂಗ ದಾಟಿ ಇಳಿಯುವ ನವಲೆ ಸೇತುವೆಯನ್ನು ನೋಡಿದರೆ ಸಾಕು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಭಾರದ ವಾಹನವೊಂದು ಹತೋಟಿ ತಪ್ಪಿ ಸಾಲುಸಾಲು ವಾಹನಗಳಿಗೆ ಅಪ್ಪಳಿಸಿತು. ಹತ್ತಾರು ವಾಹನಗಳು ಜಜ್ಜಿಹೋದವು, ಅನೇಕರಿಗೆ ಗಾಯವಾಯಿತು. ಆದರೂ ಆ ರಾತ್ರಿ ಯಾರೂ ಸಾಯಲಿಲ್ಲ. ಆ ರಾಶಿಯ ಚಿತ್ರಗಳನ್ನು ಕಂಡವರು ಇದನ್ನು ಇಂದಿಗೂ ನಂಬುವುದಿಲ್ಲ. ಡೀಸೆಲ್ ಉಳಿಸಲು ಇಂಜಿನ್ನು ಬಂದ್ ಮಾಡಿ ಇಳಿಸಿದ್ದೇ ಕಾರಣವೆಂದು ಆಗ ಪತ್ರಿಕೆಗಳು ಬರೆದವು. ಇಂಜಿನ್ನು ನಿಂತರೆ ಬ್ರೇಕಿಗೆ ಗಾಳಿ ತುಂಬುವ ಯಂತ್ರವೂ ನಿಲ್ಲುತ್ತದೆ. ನಾಲ್ಕಾರು ಸಲ ಒತ್ತುವಷ್ಟರಲ್ಲಿ ಇದ್ದ ಗಾಳಿ ತೀರುತ್ತದೆ, ಸ್ಟಿಯರಿಂಗೂ ಬಿಗಿಯುತ್ತದೆ. ಅದೇ ಜಾಗದಲ್ಲಿ 2025ರ ನವೆಂಬರಿನಲ್ಲಿ ಇಂಥದೇ ಅಪಘಾತವಾದಾಗ ಹಲವರು ಪ್ರಾಣ ಕಳಕೊಂಡರು. ಒಮ್ಮೆ ಬಂದ ಅದೃಷ್ಟ ಎರಡನೆಯ ಸಲ ಬರಲಿಲ್ಲ.

ಇನ್ನು ಟ್ರಾಲಿಯಲ್ಲಿ ಜನರನ್ನು ಹೇರುವುದು. 2025ರ ಏಪ್ರಿಲ್ 4ರಂದು ನಾಂದೇಡ ಜಿಲ್ಲೆಯ ಆಲೇಗಾಂವದಲ್ಲಿ ಅರಿಸಿನ ಕೀಳಲು ಹೊರಟಿದ್ದ ಕೂಲಿ ಹೆಣ್ಣುಮಕ್ಕಳ ಟ್ರ್ಯಾಕ್ಟರು, ಟ್ರಾಲಿಯ ಸಮೇತ ಬಾವಿಗೆ ಬಿತ್ತು. ಏಳು ಜನ ತೀರಿಕೊಂಡರು. ಮೂವರನ್ನು ಮಾತ್ರ ಜೀವಂತ ಮೇಲೆತ್ತಲಾಯಿತು. ಅವರೆಲ್ಲ ನೆರೆಯ ಹಿಂಗೋಲಿ ಜಿಲ್ಲೆಯ ಗುಂಜ ಎಂಬ ಹಳ್ಳಿಯವರು. ಟ್ರಾಲಿ ಸರಕಿನ ಗಾಡಿ. ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ವಿಮೆಯ ಕಾಗದದಲ್ಲಿಯೂ ಜನರಿಗೆ ಜಾಗವಿಲ್ಲ. ಆದ್ದರಿಂದ ಪರಿಹಾರದ ಅರ್ಜಿಗೆ ತಕರಾರು ಬರುವುದು ಸಾಮಾನ್ಯ. ಕೂಲಿಯವರಿಗೆ ಬೇರೆ ಗಾಡಿ ಯಾರು ಕೊಡುತ್ತಾರೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂಡ್ರಿಸಿಕೊಳ್ಳುವುದನ್ನಾದರೂ ನಿಲ್ಲಿಸಬಹುದು. ಅಲ್ಲಿಂದ ಜಾರಿದವರು ನೇರವಾಗಿ ಹಿಂದಿನ ಗಾಲಿಯ ಕೆಳಗೇ ಬೀಳುತ್ತಾರೆ.

ಸ್ವೀಡನ್ ದೇಶದಲ್ಲಿ 1959ರಿಂದಲೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನ ತಲೆಯ ಮೇಲೆ ಗಟ್ಟಿ ಉಕ್ಕಿನ ಚೌಕಟ್ಟು ಇರಲೇಬೇಕೆಂದು ಕಾನೂನು ಮಾಡಿದರು. ಟ್ರ್ಯಾಕ್ಟರು ಉರುಳಿದರೂ ಚೌಕಟ್ಟು ನೆಲಕ್ಕೆ ತಾಗಿ ನಿಲ್ಲುತ್ತದೆ, ಒಳಗಿನವ ಉಳಿಯುತ್ತಾನೆ. ಕಾಲಕ್ರಮದಲ್ಲಿ ಅಲ್ಲಿ ಇಂಥ ಸಾವುಗಳು ಬಹುಮಟ್ಟಿಗೆ ನಿಂತೇಹೋದವು. ನಮ್ಮ ಕಡೆ ಬಿಸಿಲಿಗೆಂದು ಹಾಕಿಸುವ ತಗಡಿನ ಮಾಡವನ್ನು ಇದೆಂದು ತಿಳಿಯಬಾರದು. ಅದು ನೆರಳನ್ನಷ್ಟೇ ಕೊಡುತ್ತದೆ.

ಟ್ರ್ಯಾಕ್ಟರಿನ ಹಿಂದೆ ರಾಶಿಯ ಯಂತ್ರಕ್ಕೆ ಶಕ್ತಿ ಕೊಡುವ ದಂಡವೊಂದು ತಿರುಗುತ್ತಿರುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಮೂರು ಇಂಚು ದಪ್ಪದ ದಂಡವಾದರೆ ಸೆಕೆಂಡಿಗೆ ಎರಡು ಮೀಟರು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಸೀರೆಯ ಸೆರಗಾಗಲಿ ಧೋತರದ ಚುಂಗಾಗಲಿ ಸಿಕ್ಕರೆ ಕೂಗಿಕೊಳ್ಳುವಷ್ಟೂ ವೇಳೆ ಇಲ್ಲ. ಹೊಸದಿರುವಾಗ ಅದರ ಮೇಲೆ ಮುಚ್ಚಳವಿರುತ್ತದೆ. ಒಂದು ವರ್ಷ ಕಳೆದಮೇಲೆ ಅದು ಕೊಟ್ಟಿಗೆಯ ಮೂಲೆಯಲ್ಲಿರುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಮೋಟಾರು ಸೈಕಲ್ಲಿನ ಮೇಲೆ ರಾತ್ರಿ ಊರಿಗೆ ಹೊರಡುವ ತರುಣರಿಗೆ ಒಂದು ಲೆಕ್ಕ ಹೇಳಬೇಕು. ಹಿಂದೀಪವಿಲ್ಲದ ಕಬ್ಬಿನ ಟ್ರಾಲಿ ರಸ್ತೆಯಲ್ಲಿ ಕೆಟ್ಟು ನಿಂತಿದೆಯೆನ್ನಿ. ನಿಮ್ಮ ದೀಪಕ್ಕೆ ಅದು 40 ಮೀಟರಿನಲ್ಲಿ ಕಂಡಿತೆನ್ನಿ. ಗಂಟೆಗೆ 60 ಕಿಲೋಮೀಟರಿನಲ್ಲಿದ್ದರೆ ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತೀರಿ. ಕಂಡು ಬ್ರೇಕು ಒತ್ತುವ ಒಂದೂವರೆ ಸೆಕೆಂಡಿಗೆ 25 ಮೀಟರು ಹೋಯಿತು; ಒಳ್ಳೆಯ ರಸ್ತೆಯಲ್ಲಿ ನಿಲ್ಲಲು ಇನ್ನೂ 23 ಬೇಕು. ಕೂಡಿಸಿದರೆ 48. ಗಂಟೆಗೆ 40ರಲ್ಲಿದ್ದರೆ 27 ಮೀಟರಿಗೇ ನಿಲ್ಲುತ್ತೀರಿ. ಟ್ರಾಲಿಯ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿದ್ದರೆ ಅದು ಬಹಳ ದೂರದಿಂದಲೇ ಕಾಣುತ್ತಿತ್ತು.

ಅಪಘಾತವನ್ನು ಕಂಡರೆ ನಮ್ಮವರು ಪೊಲೀಸರ ಭಯಕ್ಕೆ ಮುಖ ತಿರುಗಿಸುತ್ತಾರೆ. ಈ ಭಯ ಈಗ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನಂತೆ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನ ಮೇಲೆ ಖಟ್ಲೆ ಹೂಡುವಂತಿಲ್ಲ. ಹೆಸರು ವಿಳಾಸ ಕೊಡೆಂದು ಒತ್ತಾಯಿಸುವಂತೆಯೂ ಇಲ್ಲ. 108ಕ್ಕೆ ಅಥವಾ 112ಕ್ಕೆ ಫೋನು ಮಾಡಿರಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಸರಕಾರದ ಯೋಜನೆಯಲ್ಲಿ, ರಸ್ತೆಯ ಮೇಲೆ ಮೋಟಾರು ವಾಹನದಿಂದ ಗಾಯಗೊಂಡವರಿಗೆ ನೇಮಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ನಗದು ಕಟ್ಟದೆ ದೊರೆಯುತ್ತದೆ. ಗುದ್ದಿದ ವಾಹನ ಸಿಗದೇಹೋದರೆ, 2022ರ ಏಪ್ರಿಲಿನಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ, ಭಾರಿ ಗಾಯವಾದವರಿಗೆ 50 ಸಾವಿರ ರೂಪಾಯಿ ಪರಿಹಾರವಿದೆ. ಅರ್ಜಿ ಬರೆಯಲು ತಿಳಿಯದವರು ಸಂಜೆ ವಾಚನಾಲಯಕ್ಕೆ ಬಂದರೆ ಯಾರಾದರೂ ಬರೆದುಕೊಡುತ್ತೇವೆ.

ಇದನ್ನೆಲ್ಲ ಕೇಳಿಕೊಂಡ ಗೆಳೆಯರು ಮರುದಿನವೇ ತಮ್ಮನಿಗೆ ಫೋನು ಮಾಡಿ, ಬ್ರೇಕಿನ ಎರಡೂ ಪೆಡಲು ಜೋಡಿಸುವ ಕೊಂಡಿ ಇದೆಯೇ ನೋಡೆಂದರಂತೆ. ತಮ್ಮ ಹುಡುಕಿ ಸಂಜೆಗೆ ತಿಳಿಸಿದನಂತೆ: ಟ್ರ್ಯಾಕ್ಟರಿನಲ್ಲಿ ಇಲ್ಲ, ಅದನ್ನು ಅವ್ವ ದನದ ಮನೆಯ ಬಾಗಿಲಿಗೆ ಚಿಲಕ ಮಾಡಿದ್ದಾಳೆ.