ಬೆಕ್ಕಿನ ‘ಹಟ’ದ ಹಿಂದೆ ಕಾಯಿಲೆ ಇರಬಹುದು

ಬೆಕ್ಕು ಸ್ವಭಾವತಃ ಶುಚಿಯಾದ ಪ್ರಾಣಿ. ಮೈಯನ್ನು ನೆಕ್ಕಿ ನುಣುಪಾಗಿ ಇಟ್ಟುಕೊಳ್ಳುವುದನ್ನಾಗಲಿ, ಮಲವನ್ನು ಮಣ್ಣಿನಲ್ಲಿ ಮುಚ್ಚುವುದನ್ನಾಗಲಿ ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಇಂಥ ಬೆಕ್ಕು ಇದ್ದಕ್ಕಿದ್ದಂತೆ ಹಾಸಿಗೆಯ ಮೇಲೆ ಮೂತ್ರ ಮಾಡತೊಡಗಿದರೆ ಮನೆಯವರು ಅದನ್ನು ಸೊಕ್ಕು ಎನ್ನುತ್ತಾರೆ, ಸೇಡು ಎನ್ನುತ್ತಾರೆ. ಮೊದಲು ಏಟು ಬೀಳುತ್ತದೆ. ಆಮೇಲೆ ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರುವುದೂ ಉಂಟು. ಆದರೆ ಬೆಕ್ಕಿಗೆ ಸೇಡು ತೀರಿಸಿಕೊಳ್ಳುವ ಉದ್ದೇಶವಿರುವುದಿಲ್ಲ. ಬಹಳಷ್ಟು ಸಲ ಅದು ನೋವಿನಲ್ಲಿರುತ್ತದೆ.

ನೆಕ್ಕುವುದು ಅತಿಯಾದಾಗ

ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ಇವು ಬಾಚಣಿಗೆಯಂತೆ ಕೆಲಸ ಮಾಡಿ ಉದುರಿದ ಕೂದಲು, ಧೂಳು, ಚಿಗಟಗಳನ್ನು ತೆಗೆಯುತ್ತವೆ. ಆರೋಗ್ಯವಂತ ಬೆಕ್ಕು ಕೂಡ ಎಚ್ಚರವಿರುವ ಹೊತ್ತಿನ ದೊಡ್ಡ ಭಾಗವನ್ನು ಇದರಲ್ಲೇ ಕಳೆಯುತ್ತದೆ. ಆದ್ದರಿಂದ ಎಷ್ಟು ಹೊತ್ತು ನೆಕ್ಕಿತು ಎಂದು ಎಣಿಸುವ ಬದಲು ಮೈಯನ್ನು ಪರೀಕ್ಷಿಸಿ. ಕೂದಲು ತೆಳುವಾಗಿದೆಯೆ? ಕೈಯಾಡಿಸಿದರೆ ತುದಿ ಮುರಿದು ಮೊಂಡಾಗಿದೆಯೆ? ಚರ್ಮ ಕೆಂಪಾಗಿದೆಯೆ?

ಬಾಲದ ಬುಡದಲ್ಲಿ, ಬೆನ್ನಿನ ಹಿಂಭಾಗದಲ್ಲಿ ಕೂದಲು ಹೋಗಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಅಲರ್ಜಿ ಇರುವ ಬೆಕ್ಕಿಗೆ ಕೆಲವೇ ಕಡಿತಗಳು ಸಾಕು. ಬೆಕ್ಕು ಚಿಗಟಗಳನ್ನು ನೆಕ್ಕಿ ನುಂಗಿಬಿಡುವುದರಿಂದ ನಿಮಗೆ ಒಂದೂ ಕಾಣದಿರಬಹುದು. ಬಿಳಿ ಕಾಗದದ ಮೇಲೆ ನಿಲ್ಲಿಸಿ ಮೈ ಬಾಚಿ. ಉದುರಿದ ಕಪ್ಪು ಚುಕ್ಕೆಗಳಿಗೆ ನೀರು ಸೋಕಿಸಿದಾಗ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಹೊಟ್ಟೆಯ ಕೆಳಭಾಗವನ್ನೇ ನೆಕ್ಕುತ್ತಿದ್ದರೆ ಅಲರ್ಜಿಯ ಜೊತೆಗೆ ಒಳಗಿನ ಮೂತ್ರಕೋಶದ ನೋವನ್ನೂ ಶಂಕಿಸಬೇಕು.

‘ಇದೆಲ್ಲ ಮಾನಸಿಕ’ ಎಂದು ಕೈಬಿಡುವುದು ತಪ್ಪು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾನಸಿಕ ಕಾರಣದಿಂದ ಕೂದಲು ಕಳೆದುಕೊಂಡಿವೆ ಎಂದು ಭಾವಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಲಾಯಿತು. 16ರಲ್ಲಿ ದೈಹಿಕ ಕಾರಣ ಸಿಕ್ಕಿತು, 3ರಲ್ಲಿ ಎರಡೂ ಸೇರಿದ್ದವು. ಪೂರ್ತಿ ಮಾನಸಿಕ ಎನ್ನಬಹುದಾದವು 2 ಮಾತ್ರ.

ತಟ್ಟೆ ಬಿಟ್ಟು ಬೇರೆಡೆ ಹೋದಾಗ

ಮೂತ್ರಕೋಶ ಉರಿಯುತ್ತಿರುವಾಗ ಮರಳಿನ ತಟ್ಟೆಗೆ ಹೋದ ಬೆಕ್ಕು ತನ್ನ ನೋವಿಗೂ ಆ ತಟ್ಟೆಗೂ ಸಂಬಂಧ ಕಲ್ಪಿಸಿಕೊಂಡು ಅದನ್ನು ಬಿಟ್ಟು ಮೆತ್ತನೆಯ ಹಾಸಿಗೆ ಹುಡುಕುತ್ತದೆ. ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದರೆ ಮೂತ್ರದ ಪ್ರಮಾಣ ಹೆಚ್ಚಿ ತಟ್ಟೆಯವರೆಗೆ ತಡೆದುಕೊಳ್ಳಲಾಗದು. ಕೀಲುನೋವಿನ ಮುದಿ ಬೆಕ್ಕಿಗೆ ಎತ್ತರದ ಅಂಚು ದಾಟುವುದೇ ಕಷ್ಟ.

ಸೋಂಕಿಲ್ಲದೆಯೂ ಮೂತ್ರಕೋಶ ಊದಿಕೊಳ್ಳುವುದುಂಟು. ಇದಕ್ಕೂ ಆತಂಕಕ್ಕೂ ನಂಟಿದೆ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನಚರಿ ಏರುಪೇರಾದಾಗ ಆರೋಗ್ಯವಂತ ಬೆಕ್ಕುಗಳೂ ಊಟ ಕಡಿಮೆ ಮಾಡಿದವು, ತಟ್ಟೆಯ ಹೊರಗೆ ಮಲಮೂತ್ರ ಮಾಡಿದವು. ಮನೆ ಬದಲಾವಣೆ, ಹೊಸ ಮಗು, ಇನ್ನೊಂದು ಬೆಕ್ಕು, ದೀಪಾವಳಿಯ ಪಟಾಕಿ ಇವೆಲ್ಲ ನಿಮ್ಮ ಬೆಕ್ಕಿಗೂ ಏರುಪೇರುಗಳೇ.

ತಡಮಾಡಬಾರದ ಲಕ್ಷಣ

ಗಂಡುಬೆಕ್ಕು ಪದೇ ಪದೇ ಕುಳಿತು ಮುಕ್ಕರಿಸಿದರೂ ಮೂತ್ರ ಬಾರದಿದ್ದರೆ, ನೋವಿನಿಂದ ಕೂಗಿದರೆ, ಜನನಾಂಗವನ್ನು ನೆಕ್ಕುತ್ತಲೇ ಇದ್ದರೆ ಅದನ್ನು ಮಲಬದ್ಧತೆ ಎಂದು ಭಾವಿಸಿ ಹರಳೆಣ್ಣೆ ಕುಡಿಸಬೇಡಿ. ಅದರ ಮೂತ್ರನಾಳ ಬಹಳ ಕಿರಿದು. ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನಗಳಲ್ಲಿ ಸಾವು ಬರಬಹುದು. ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.

ನೀವು ಮಾಡಬೇಕಾದುದೇನು?

ಮೊದಲು ವೈದ್ಯರಿಂದ ಮೂತ್ರ ಮತ್ತು ಚರ್ಮದ ಪರೀಕ್ಷೆ ಮಾಡಿಸಿ. ಗೋಡೆಗೆ ಬೆನ್ನು ಮಾಡಿ ನಿಂತು, ಬಾಲ ಎತ್ತಿ ನಡುಗಿಸುತ್ತ ಮೂತ್ರ ಸಿಂಪಡಿಸುವುದು ಸಾಮಾನ್ಯವಾಗಿ ಗಡಿ ಗುರುತು ಹಾಕುವ ಕ್ರಮ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಗಂಡುಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ.

ತಟ್ಟೆಯ ಕಡೆಗೂ ಗಮನವಿರಲಿ. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಬೇಕು. ತಟ್ಟೆಯ ಉದ್ದ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಲಿ. ಊಟದ ಜಾಗದಿಂದ, ಓಡಾಟದ ದಾರಿಯಿಂದ ದೂರವಿಡಿ. ನುಣ್ಣನೆಯ ಮರಳೇ ಸಾಕು, ಆದರೆ ಗಲೀಜನ್ನು ದಿನವೂ ತೆಗೆಯಬೇಕು. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ವಹಿಸುವುದು ಕ್ಷೇಮ.

ಮೂತ್ರ ಬಿದ್ದ ಜಾಗವನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಅದರ ಮೇಲೆ ನಡೆದ ಬೆಕ್ಕು ಪಾದ ನೆಕ್ಕಿದಾಗ ಆ ವಿಷ ಹೊಟ್ಟೆ ಸೇರುತ್ತದೆ. ಕಿಣ್ವಯುಕ್ತ ಬಟ್ಟೆ ಸೋಪಿನ ಪುಡಿಯಿಂದ ತೊಳೆದು, ಮತ್ತೆ ಬರೀ ನೀರಿನಿಂದ ತೊಳೆದು ಒಣಗಿಸಿ. ನಾಯಿಗೆಂದು ತಂದ, ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬೇಡಿ. ನೋವಿದೆಯೆಂದು ಪ್ಯಾರಾಸಿಟಮಾಲ್ ಮಾತ್ರೆಯನ್ನೂ ಕೊಡಬೇಡಿ. ಇವೆರಡೂ ಬೆಕ್ಕಿನ ಪ್ರಾಣ ತೆಗೆಯಬಲ್ಲವು.

ಬೆಕ್ಕನ್ನು ಹೊಡೆದರೆ ಅದರ ಆತಂಕ ಹೆಚ್ಚುತ್ತದೆ, ಆತಂಕ ಹೆಚ್ಚಿದಷ್ಟೂ ಮೂತ್ರಕೋಶದ ತೊಂದರೆ ಬಲಿಯುತ್ತದೆ. ನೋವನ್ನು ಬಚ್ಚಿಟ್ಟುಕೊಳ್ಳುವುದು ಈ ಪ್ರಾಣಿಯ ಗುಣ. ಕೂದಲಿಲ್ಲದ ಹೊಟ್ಟೆ, ಒದ್ದೆಯಾದ ಹಾಸಿಗೆ ಇವು ಅದು ಕೊಡಬಲ್ಲ ಸೂಚನೆಗಳು. ಗೋಣಿಚೀಲ ಹುಡುಕುವ ಮೊದಲು ಒಮ್ಮೆ ಪಶು ಆಸ್ಪತ್ರೆಯ ಬಾಗಿಲು ತಟ್ಟಿ.