ಎಂಟೂ ಐವತ್ತರ ಬಸ್ಸು

ಮಂಗಳೂರಿನಲ್ಲಿ ‘ಸ್ಟೇಟ್ ಬ್ಯಾಂಕಿಗೆ ಹೋಗಿ ಬರ್ತೇನೆ’ ಎಂದವರ ಕೈಯಲ್ಲಿ ಪಾಸ್‌ಬುಕ್ ಇರುವುದಿಲ್ಲ, ಕೊಡೆ ಇರುತ್ತದೆ. ಅದು ಬಸ್‌ಸ್ಟ್ಯಾಂಡಿನ ಹೆಸರು. ಜುಲೈ ತಿಂಗಳ ರಾತ್ರಿ ಎಂಟೂವರೆ. ಮಳೆ ಒಂದು ಸುತ್ತು ಹೊಯ್ದು ನಿಂತಿದೆ. ಟ್ರಾಲಿಂಗ್ ನಿಷೇಧದ ದಿನಗಳಾದ್ದರಿಂದ ಧಕ್ಕೆಯ ಕಡೆಯಿಂದ ಬರುವ ಗಾಳಿಗೆ ಒಣಮೀನಿನ ವಾಸನೆ. ‘ತೊಕ್ಕೊಟ್ಟು, ತೊಕ್ಕೊಟ್ಟು, ತಲಪಾಡಿ!’ ‘ಸುರತ್ಕಲ್, ಸುರತ್ಕಲ್!’ ಒಂದರ ಬೆನ್ನಿಗೆ ಇನ್ನೊಂದು ಬಸ್ಸು ಹಾರ್ನ್ ಹಾಕುತ್ತಿದೆ. ಆ ದಾರಿಯವರನ್ನು ಕಂಡಕ್ಟರುಗಳು ಕೈಹಿಡಿದು ಹತ್ತಿಸಿಕೊಳ್ಳುತ್ತಾರೆ.

ಯಾರೂ ಕೂಗಿ ಕರೆಯದ ಹನ್ನೊಂದು ಮಂದಿ ಮೂಲೆಯಲ್ಲಿ ನಿಂತಿದ್ದೇವೆ. ಹಂಪನಕಟ್ಟೆಯ ಬಟ್ಟೆ ಅಂಗಡಿಯಿಂದ ಓಡಿ ಬಂದ ಮೂವರು ಹುಡುಗಿಯರು, ಆಸ್ಪತ್ರೆಯ ಆಯಾ ಒಬ್ಬರು, ಸಾರಣೆ ಕೆಲಸ ಮುಗಿಸಿ ಕಾಲಿಗೆ ಸಿಮೆಂಟು ಅಂಟಿಸಿಕೊಂಡೇ ಬಂದವರು, ಮತ್ತೆ ನಾವು ಕೆಲವರು. ಎಲ್ಲರದೂ ಒಂದೇ ಪ್ರಶ್ನೆ. ಆಯಾ ಕೇಳಿದರು: “ಅಣ್ಣ, ಎಂಟೂ ಐವತ್ತರದ್ದು ಇವತ್ತು ಉಂಟಾ?”

ಟೈಮ್ ಕೀಪರ್ ಪುಸ್ತಕದಿಂದ ತಲೆ ಎತ್ತಲಿಲ್ಲ. “ಕಟ್,” ಎಂದ.

ಟ್ರಿಪ್ ಕಟ್. ಗುರುಪುರ ಕೈಕಂಬದಿಂದ ಒಳಗೆ, ಪದವು ಹತ್ತಿ ಹೋಗುವ ನಮ್ಮಂಥವರಿಗೆ ಇದು ಹೊಸ ಶಬ್ದವಲ್ಲ. ಮೊದಲು ಭಾನುವಾರದ ಮಧ್ಯಾಹ್ನದ ಟ್ರಿಪ್ ಹೋಯಿತು. ಆಮೇಲೆ ಭಾನುವಾರವೇ ಹೋಯಿತು. 2020ರ ಲಾಕ್‌ಡೌನಿನಲ್ಲಿ ದಾಖಲೆಗಳನ್ನು ಆರ್‌ಟಿಒಗೆ ‘ಸರೆಂಡರ್’ ಮಾಡಿ ನಿಲ್ಲಿಸಿದ ಒಂದು ಬಸ್ಸು ಮತ್ತೆ ರಸ್ತೆಗೆ ಬರಲೇ ಇಲ್ಲ. ಈಗ ಅದರ ಚಕ್ರದ ಸುತ್ತ ಕೆಸುವಿನ ಗಿಡ ಎದ್ದಿದೆ. ಈಗ ಕೊನೆಯ ಟ್ರಿಪ್ಪಿನ ಸರದಿ.

ಅದೇ ಬಸ್ಸಿನ ಕಂಡಕ್ಟರ್ ಗೂಡಂಗಡಿಯಲ್ಲಿ ಸಿಕ್ಕಿದ. “ಕಲೆಕ್ಷನ್ ಇಲ್ಲ ಮಾರಾಯ್ರೆ. ಹೋಗುವಾಗ ಹದಿನೈದು ಜನ, ಬರುವಾಗ ನಾನೂ ಡ್ರೈವರೂ ಮಾತ್ರ. ಡೀಸೆಲಿಗೂ ಹುಟ್ಟುದಿಲ್ಲ. ಧನಿಗಳು ಎಷ್ಟು ದಿನ ಕೈಯಿಂದ ಹಾಕ್ತಾರೆ?” ಸುಳ್ಳು ಹೇಳಲಿಲ್ಲ ಅವನು. ಅವನ ದಿನದ ಸಂಪಾದನೆಯೂ ಕಲೆಕ್ಷನ್ನಿನ ಮೇಲೆಯೇ ನಿಂತಿದೆ.

ನಮ್ಮ ಜಿಲ್ಲೆಯ ಕತೆಯೇ ಬೇರೆ. 1948ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಬಸ್ಸು ಓಡಿಸಲು ಶುರುಮಾಡಿದಾಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. 1956ರಲ್ಲಿ ಈ ಕಡೆ ಸೇರುವಷ್ಟರಲ್ಲಿ ಇಲ್ಲಿನ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳು ಬೇರುಬಿಟ್ಟಿದ್ದವು. ಸಮಯಕ್ಕೆ ಬರುತ್ತವೆ, ಕೈ ತೋರಿಸಿದಲ್ಲಿ ನಿಲ್ಲುತ್ತವೆ ಎಂದು ನಾವೂ ಹೆಮ್ಮೆಪಟ್ಟವರೇ. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಬೇಡವೆಂದಾಗ, ಆ ಭಾಗ್ಯ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಪದವಿನ ಬಟ್ಟೆ ಅಂಗಡಿಯ ಹುಡುಗಿಯರಿಗೆ ಉಚಿತದ ಮಾತು ಹಾಗಿರಲಿ, ದುಡ್ಡು ಕೊಡುತ್ತೇನೆಂದರೂ ಬಸ್ಸಿಲ್ಲ.

ಹನ್ನೊಂದು ಮಂದಿಯೂ ದೊಡ್ಡ ದಾರಿಯ ಬಸ್ಸಿಗೆ ನುಗ್ಗಿದೆವು. ನಂತೂರು, ವಾಮಂಜೂರು ದಾಟಿತು. ಗುರುಪುರದ ಸೇತುವೆಯ ಮೇಲೆ ಹೋಗುವಾಗ ಫಲ್ಗುಣಿ ನದಿ ತುಂಬಿ ಹರಿಯುತ್ತಿತ್ತು. ಕತ್ತಲಲ್ಲಿ ಸದ್ದು ಮಾತ್ರ. ಕೈಕಂಬದಲ್ಲಿ ಇಳಿದರೆ ಪಾರ್ಕಿನಲ್ಲಿ ಎರಡೇ ರಿಕ್ಷಾ. ಒಳಗೆ ಬಿಟ್ಟು ಖಾಲಿ ವಾಪಸು ಬರಬೇಕಲ್ಲ, ಆ ಬಾಡಿಗೆಯೂ ನಮ್ಮದೇ. ಹಿಂದೆ ನಾಲ್ವರು ಹೆಂಗಸರು, ಅವರ ಮಡಿಲಲ್ಲಿ ಚೀಲಗಳು, ಡ್ರೈವರನ ಪಕ್ಕ ಅರ್ಧ ಹೊರಗೆ ನಾನು. ಚಿಕ್ಕ ಹುಡುಗಿ ಮೊಬೈಲಿನ ಬೆಳಕಿನಲ್ಲಿ ಪರ್ಸು ಬಿಚ್ಚಿ ಚಿಲ್ಲರೆ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. “ಬರುವ ತಿಂಗಳಿಂದ ನಾನು ಅಂಗಡಿಗೆ ಹೋಗುದಿಲ್ಲ ಅಕ್ಕ,” ಎಂದಳು ಆಯಾಗೆ. “ಅಮ್ಮ ಬೀಡಿ ಕಟ್ಟು ಅಂತಾರೆ.”

ಆ ಹುಡುಗಿ ಬೆಳಿಗ್ಗೆ ಏಳೂ ಮುಕ್ಕಾಲರ ಬಸ್ಸಿನ ಗಿರಾಕಿ. ಅವಳೊಂದಿಗೆ ಬೆಳಗಿನ ಬಸ್ಸಿನ ಒಂದು ಟಿಕೆಟ್ಟೂ ಹೋಯಿತು. ಸಾರಣೆಯವರು ಕಂತಿನಲ್ಲಿ ಸ್ಕೂಟರ್ ತೆಗೆಯುವ ಮಾತಾಡುತ್ತಿದ್ದಾರೆ. ಅಲ್ಲಿಗೆ ಇನ್ನೊಂದು ಟಿಕೆಟ್. ಕೊನೆಯ ಬಸ್ಸಿನ ಲಾಭನಷ್ಟವನ್ನು ರಾತ್ರಿಯ ಚೀಲ ಮಗುಚಿ ಎಣಿಸುವುದೇ ತಪ್ಪು ಲೆಕ್ಕ ಎನ್ನುವುದು ನನ್ನ ಜಗಳ. ವಾಪಸು ಬರಲು ಬಸ್ಸುಂಟು ಎಂಬ ಧೈರ್ಯದಲ್ಲಿ ಜನ ಬೆಳಿಗ್ಗೆ ಹೊರಡುತ್ತಾರೆ. ಆ ಧೈರ್ಯಕ್ಕೆ ಟಿಕೆಟ್ ಹರಿಯುವವರು ಯಾರೂ ಇಲ್ಲವಾದ್ದರಿಂದ ಅದು ಯಾವ ಕಲೆಕ್ಷನ್ನಿನಲ್ಲೂ ಕಾಣಿಸುವುದಿಲ್ಲ.

ನಮ್ಮ ಸ್ಟಾಪಿನ ತಂಗುದಾಣದಲ್ಲಿ ಬಸ್ಸಿನ ಸಮಯಗಳನ್ನು ನೀಲಿ ಬಣ್ಣದಲ್ಲಿ ಬರೆದಿದ್ದಾರೆ. ಪಾಚಿ ಹಿಡಿದಿದ್ದರೂ ಓದಲು ಬರುತ್ತದೆ. ಮೇಲಿನ ಸಾಲು ಬೆಳಗಿನ ಆರೂ ಇಪ್ಪತ್ತರದ್ದು. ಕೆಳಗಿನಿಂದ ಒಂದೊಂದೇ ಗಂಟೆ ಕಳಚುತ್ತ ಬಂದಿದೆ.

ಪರ್ಮಿಟ್ ಕೊಡುವಾಗ ಬಸ್ಸಿನ ಸಮಯವನ್ನೂ ಗೊತ್ತುಮಾಡಿರುತ್ತಾರೆ. ಮನಸ್ಸಿಗೆ ಬಂದಂತೆ ಬಿಟ್ಟುಬಿಡಲು ಬರುವುದಿಲ್ಲ. ಪರ್ಮಿಟ್ ಕೊಡುವ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಆದ್ದರಿಂದ ನಿಮ್ಮೂರಿನ ಟ್ರಿಪ್ ಕಟ್ಟಾದರೆ ಆ ವಾರವೇ ಅರ್ಜಿ ಹಿಡಿದು ಹೋಗಿ. ಆರು ತಿಂಗಳು ಕಳೆದು ಹೋದರೆ ‘ಆ ದಾರಿಗೆ ಜನವೇ ಇಲ್ಲವಲ್ಲ’ ಎನ್ನುತ್ತಾರೆ. ಆ ಹೊತ್ತಿಗೆ ಅದು ನಿಜವೇ ಆಗಿರುತ್ತದೆ.